ಒಂದೇ ಪತ್ತೇದಾರಿ ಕಾದಂಬರಿ, ಬಳಗದಲ್ಲಿ ನಾಲ್ಕು ತೀರ್ಪು: ತಪ್ಪು ಪುಸ್ತಕದ್ದೇ?

ಪ್ರಶ್ನೆ: ಮೈಸೂರಿನಲ್ಲಿ ನಾವು ಕೆಲವು ಗೆಳೆಯರು ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರಿ, ಮೊದಲೇ ಗೊತ್ತುಮಾಡಿಕೊಂಡ ಪುಸ್ತಕದ ಬಗ್ಗೆ ಮಾತನಾಡುತ್ತೇವೆ. ಕಳೆದ ಸಲ ಜಪಾನಿನ ಕೇಗೊ ಹಿಗಾಶಿನೊ ಅವರ ‘ದಿ ಡಿವೋಶನ್ ಆಫ್ ಸಸ್ಪೆಕ್ಟ್ ಎಕ್ಸ್’ ಕಾದಂಬರಿಯನ್ನು ಇಂಗ್ಲಿಷ್ ಅನುವಾದದಲ್ಲಿ ಓದೋಣವೆಂದು ನಾನೇ ಸೂಚಿಸಿದ್ದೆ. ಸಭೆ ಬಹುತೇಕ ಜಗಳದಲ್ಲಿ ಮುಗಿಯಿತು. ಬಾಲ್ಯದಲ್ಲಿ ಬಾಡಿಗೆ ಪುಸ್ತಕದಂಗಡಿಯಿಂದ ತಂದು ಎನ್. ನರಸಿಂಹಯ್ಯನವರ ಕಾದಂಬರಿಗಳನ್ನು ಓದಿ ಬೆಳೆದ ಹಿರಿಯರೊಬ್ಬರು, ಕೊಲೆ ಮಾಡಿದವರು ಯಾರೆಂದು ಆರಂಭದಲ್ಲೇ ಹೇಳಿಬಿಟ್ಟರೆ ಇದು ಪತ್ತೇದಾರಿ ಹೇಗಾದೀತು ಎಂದರು. ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು, ಯಾವ ಠಾಣೆಯಲ್ಲಿ ಫಿಸಿಕ್ಸ್ ಪ್ರೊಫೆಸರರನ್ನು ಕೇಳಿ ತನಿಖೆ ಮಾಡುತ್ತಾರೆ ಎಂದು ನಕ್ಕರು. ಇಬ್ಬರು ಕೊನೆಯ ಪುಟಗಳನ್ನು ಓದಿ ಅತ್ತಿದ್ದಾಗಿ ಹೇಳಿದರು. ಅವರ ಎದುರಿಗೇ ಕುಳಿತಿದ್ದ ಗೆಳತಿ, ಪಕ್ಕದ ಮನೆಯ ಹೆಂಗಸನ್ನು ಕದ್ದು ಗಮನಿಸುವ ಗಂಡಸಿನ ಕಥೆಗೆ ಪ್ರೀತಿಯ ಹೆಸರು ಕೊಡಬೇಡಿ ಎಂದು ಸಿಟ್ಟಾದರು. ಇನ್ನೊಬ್ಬರಿಗೆ ಭಾಷೆಯೇ ಸಪ್ಪೆಯೆನಿಸಿತು. ಮೂವರು ಪುಸ್ತಕ ಮುಗಿಸಿರಲಿಲ್ಲ, ಗುಟ್ಟು ಬಿಡಬೇಡಿ ಎಂದು ಪಟ್ಟು ಹಿಡಿದರು. ಕೊನೆಗೆ ರೂಢಿಯಂತೆ ಹತ್ತಕ್ಕೆ ಅಂಕ ಕೊಟ್ಟಾಗ ಸರಾಸರಿ ಐದರ ಆಸುಪಾಸಿಗೆ ಬಂದು ನಿಂತಿತು. ಇಷ್ಟೊಂದು ಪ್ರಶಸ್ತಿ ಪಡೆದ ಪುಸ್ತಕಕ್ಕೆ ಹೀಗೇಕಾಯಿತು? ನನ್ನ ಆಯ್ಕೆ ತಪ್ಪೇ? ಪತ್ತೇದಾರಿ ಕಾದಂಬರಿಗಳನ್ನು ನಮ್ಮ ಪಟ್ಟಿಯಿಂದಲೇ ಕೈಬಿಡಬೇಕೆಂಬ ಮಾತೂ ಬಂದಿದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ನೀವು ಸೂಚಿಸಿದ ಪುಸ್ತಕವನ್ನು ಗೆಳೆಯರು ಒಪ್ಪಲಿಲ್ಲ ಎಂಬುದು ಒಂದು. ಆ ಭಿನ್ನಾಭಿಪ್ರಾಯ ಚರ್ಚೆಯಾಗಿ ಬೆಳೆಯದೆ ಜಗಳವಾಗಿ ನಿಂತುಹೋಯಿತು ಎಂಬುದು ಇನ್ನೊಂದು. ಸಾಹಿತ್ಯ ಪಾಠ ಮಾಡುತ್ತಲೂ ಓದುಗರ ಬಳಗಗಳ ಜೊತೆ ಕೆಲಸ ಮಾಡುತ್ತಲೂ ಬಂದಿರುವ ನನಗೆ ಮೊದಲನೆಯದು ಚಿಂತೆಯ ವಿಷಯವೆಂದು ಅನ್ನಿಸುವುದಿಲ್ಲ. ಎರಡನೆಯದಕ್ಕೆ ಕಾರಣಗಳಿವೆ, ಅವುಗಳಲ್ಲಿ ಕೆಲವು ಪುಸ್ತಕದ ಒಳಗೇ ಇವೆ. ಈ ಅಂಕಣವನ್ನು ಓದುವವರಲ್ಲಿ ಕಾದಂಬರಿಯನ್ನು ಓದದವರೂ ಇರುವುದರಿಂದ ಕೊನೆಯ ಗುಟ್ಟನ್ನು ಒಡೆಯದೆಯೇ ಬರೆಯುತ್ತೇನೆ; ಮುಗಿಸಿರುವ ನಿಮಗೆ ನನ್ನ ಸೂಚನೆಗಳು ಅರ್ಥವಾಗುತ್ತವೆ.

ಓದದವರಿಗಾಗಿ ಕಥೆಯ ಆರಂಭವನ್ನಷ್ಟೇ ಹೇಳುವುದಾದರೆ, ತೋಕಿಯೋದ ಊಟದ ಡಬ್ಬಿ ಮಾರುವ ಅಂಗಡಿಯೊಂದರಲ್ಲಿ ಕೆಲಸಕ್ಕಿರುವ ಯಾಸುಕೊ ಎಂಬಾಕೆಯ ಮನೆಗೆ, ಅವಳನ್ನು ಹಿಂದೆ ಹಿಂಸಿಸಿದ್ದ ಮಾಜಿ ಗಂಡ ಬರುತ್ತಾನೆ. ಜಗಳದಲ್ಲಿ ತಾಯಿ ಮಗಳು ಸೇರಿ ಅವನನ್ನು ಕೊಲ್ಲುವಂತಾಗುತ್ತದೆ. ಪಕ್ಕದ ಮನೆಯ ಇಶಿಗಾಮಿ ಹೈಸ್ಕೂಲಿನ ಗಣಿತದ ಮೇಷ್ಟ್ರು, ಅಸಾಧಾರಣ ಪ್ರತಿಭೆಯಿದ್ದೂ ಯಾರ ಕಣ್ಣಿಗೂ ಬೀಳದೆ ಉಳಿದವನು. ಇದನ್ನು ಮುಚ್ಚಿಹಾಕುವ ಹೊಣೆಯನ್ನು ಅವನು ತಾನಾಗಿಯೇ ಹೊರುತ್ತಾನೆ. ಪೊಲೀಸ್ ಅಧಿಕಾರಿ ಕುಸಾನಾಗಿ ಮತ್ತು ಅವನ ಗೆಳೆಯ, ಭೌತವಿಜ್ಞಾನಿ ಯುಕಾವಾ, ಎದುರು ಪಕ್ಷದಲ್ಲಿದ್ದಾರೆ. ಯುಕಾವಾ ಮತ್ತು ಇಶಿಗಾಮಿ ಒಂದೇ ವಿಶ್ವವಿದ್ಯಾಲಯದಲ್ಲಿ ಓದಿದವರು ಎಂಬುದು ಕಥೆಯನ್ನು ಬಿಗಿಗೊಳಿಸುತ್ತದೆ.

ಮೊದಲು, ಪ್ರಶಸ್ತಿ ಬಂದ ಪುಸ್ತಕವೆಂದರೆ ಎಲ್ಲರೂ ಒಪ್ಪಿದ ಪುಸ್ತಕ ಎಂಬ ನಂಬಿಕೆಯನ್ನು ಬಿಡಬೇಕು. 2005ರಲ್ಲಿ ಪ್ರಕಟವಾದ ಈ ಕಾದಂಬರಿಗೆ ಮರುವರ್ಷದ ಆರಂಭದಲ್ಲಿ, ಜಪಾನಿನಲ್ಲಿ ಜನಪ್ರಿಯ ಸಾಹಿತ್ಯಕ್ಕೆ ಕೊಡುವ ನಾವೊಕಿ ಪ್ರಶಸ್ತಿ ಬಂತು. ಆದರೆ ಅದೇ ಹೊತ್ತಿಗೆ ಜಪಾನಿನ ಪತ್ತೇದಾರಿ ಲೇಖಕರು ಮತ್ತು ವಿಮರ್ಶಕರ ನಡುವೆ ಇದರ ಬಗ್ಗೆ ದೊಡ್ಡ ವಾಗ್ವಾದವೂ ಎದ್ದಿತು. ಅಲ್ಲಿ ‘ಹೊನ್ಕಾಕು’ ಎಂಬ ಒಂದು ಪರಂಪರೆಯಿದೆ: ಸುಳಿವುಗಳನ್ನೆಲ್ಲ ಓದುಗನ ಮುಂದೆ ಇಟ್ಟು, ಪತ್ತೇದಾರನಿಗೆ ಸಮನಾಗಿ ಅವನೂ ತರ್ಕದಿಂದ ಉತ್ತರವನ್ನು ತಲುಪುವಂತೆ ಕಟ್ಟಿದ ಶುದ್ಧ ಒಗಟಿನ ಕಥೆ. ಆ ಪರಂಪರೆಯ ಲೇಖಕ ನಿಕಾಯ್ದೊ ರೇಯ್ತೊ, ತರ್ಕದಿಂದ ಒಂದೇ ಉತ್ತರವನ್ನು ಖಚಿತಪಡಿಸಿಕೊಳ್ಳುವಷ್ಟು ಆಧಾರ ಈ ಪುಸ್ತಕದಲ್ಲಿಲ್ಲ, ಆದ್ದರಿಂದ ಇದನ್ನು ಹೊನ್ಕಾಕು ಎನ್ನಲಾಗದು ಎಂದು ಆಕ್ಷೇಪಿಸಿದರು. ಪರವಾಗಿಯೂ ವಿರುದ್ಧವಾಗಿಯೂ ಹಲವರು ಬರೆದರು, ವಾದ ತಿಂಗಳುಗಟ್ಟಲೆ ನಡೆಯಿತು. ಅಷ್ಟಾದ ಮೇಲೂ 2006ರಲ್ಲಿ ಹೊನ್ಕಾಕು ಪ್ರಶಸ್ತಿ ಇದೇ ಪುಸ್ತಕಕ್ಕೆ ಸಂದಿತು! ನಿಮ್ಮ ಹಿರಿಯರು ಎತ್ತಿದ ಆಕ್ಷೇಪ ಅದಲ್ಲವಾದರೂ ಅದೇ ಜಾತಿಯದು. ಪಳಗಿದ ಕಸುಬುದಾರರೇ ಒಮ್ಮತಕ್ಕೆ ಬಾರದ ಪ್ರಶ್ನೆಗೆ ನಿಮ್ಮ ಬಳಗ ಒಂದು ಸಂಜೆಯಲ್ಲಿ ಉತ್ತರ ಕಂಡುಕೊಂಡಿದ್ದರೆ ನನಗೆ ಆಶ್ಚರ್ಯವಾಗುತ್ತಿತ್ತು.

ಇನ್ನು, ಕೊಲೆಗಾರನನ್ನು ಕೊನೆಯವರೆಗೆ ಮುಚ್ಚಿಡುವುದೇ ಪತ್ತೇದಾರಿಯ ಲಕ್ಷಣ ಎಂಬುದು. ಇದೂ ಪೂರ್ತಿ ನಿಜವಲ್ಲ. ಇಂಗ್ಲೆಂಡಿನ ಆರ್. ಆಸ್ಟಿನ್ ಫ್ರೀಮನ್ 1912ರಲ್ಲಿ ತಂದ ಕಥಾಸಂಕಲನದಲ್ಲೇ ಅಪರಾಧವನ್ನು ಮೊದಲ ಭಾಗದಲ್ಲಿ ಕಣ್ಣೆದುರೇ ನಡೆಯಿಸಿ, ಅದನ್ನು ಹೇಗೆ ಬಯಲಿಗೆಳೆದರು ಎಂಬುದನ್ನು ಎರಡನೆಯ ಭಾಗದಲ್ಲಿ ಹೇಳುವ ತಿರುಗುಮುರುಗು ಕಟ್ಟಡವಿತ್ತು. ನಿಯಮಗಳು ಬಂದದ್ದು ಆಮೇಲೆ. ಅಗಾಥಾ ಕ್ರಿಸ್ಟಿಯವರ ರೋಜರ್ ಆಕ್ರಾಯ್ಡ್ ಕೊಲೆಯ ಕಾದಂಬರಿ 1926ರಲ್ಲಿ ಬಂದಾಗ, ಓದುಗರಿಗೆ ಮೋಸವಾಯಿತೆಂದು ಕೆಲವರು ಗದ್ದಲವೆಬ್ಬಿಸಿದ್ದರು. ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ಪತ್ತೇದಾರಿ ಬರವಣಿಗೆಗೆ ಹತ್ತು ಕಟ್ಟಳೆಗಳನ್ನು ಬರೆದದ್ದು 1929ರಲ್ಲಿ. ಆ ಕಟ್ಟಳೆಗಳಲ್ಲಿ ಅರ್ಧ ತಮಾಷೆಯಿತ್ತು. ನಂತರದವರು ಅವನ್ನು ಶಾಸ್ತ್ರವೆಂಬಂತೆ ಹಿಡಿದುಕೊಂಡರು.

ಹಾಗೆಂದು ನಿಮ್ಮ ಹಿರಿಯರ ಮಾತನ್ನು ತಳ್ಳಿಹಾಕಬೇಡಿ. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಕಾದು ಓದಿದ ಪೀಳಿಗೆಗೆ, ಪತ್ತೇದಾರನೇ ನಾಯಕ. ಅವನು ಎಲ್ಲಿಗೆ ಹೋಗುತ್ತಾನೋ ಓದುಗ ಅಲ್ಲಿಗೆ ಹೋಗುತ್ತಾನೆ, ಅಪಾಯ ಅವನದು, ಗೆಲುವೂ ಅವನದು. ಹಿಗಾಶಿನೊ ಓದುಗನನ್ನು ಅಪರಾಧಿಯ ಮನೆಯೊಳಗೆ ಕೂರಿಸುತ್ತಾರೆ. ಪತ್ತೇದಾರ ಬಾಗಿಲು ತಟ್ಟಿದಾಗ ನಮಗೆ ಖುಷಿಯಾಗುವುದಿಲ್ಲ, ಎದೆ ಧಸಕ್ಕೆನ್ನುತ್ತದೆ. ಒಂದು ಬಗೆಯ ಸಂತೋಷವನ್ನು ನಿರೀಕ್ಷಿಸಿ ಕೂತವರಿಗೆ ಇನ್ನೊಂದು ಬಗೆಯದನ್ನು ಬಡಿಸಿದರೆ ಅಸಮಾಧಾನವಾಗುವುದು ಸಹಜ. ಅದನ್ನು ಓದಿನ ಸೋಲೆಂದು ನಾನು ಕರೆಯುವುದಿಲ್ಲ.

ಪೊಲೀಸ್ ಅಧಿಕಾರಿಯ ನಗುವಿಗೂ ಒಂದು ಸರಳ ಕಾರಣವಿದೆ. ಯುಕಾವಾ ಮತ್ತು ಕುಸಾನಾಗಿ ಈ ಪುಸ್ತಕದಲ್ಲಿ ಹುಟ್ಟಿದವರಲ್ಲ. 1998 ಮತ್ತು 2000ದಲ್ಲಿ ಬಂದ ಎರಡು ಕಥಾಸಂಕಲನಗಳಲ್ಲಿ, ವಿಜ್ಞಾನದ ಸಹಾಯವಿಲ್ಲದೆ ಬಗೆಹರಿಯದ ವಿಚಿತ್ರ ಪ್ರಕರಣಗಳಿಗಾಗಿ ಈ ಜೋಡಿಯನ್ನು ಲೇಖಕರು ಮೊದಲೇ ರೂಪಿಸಿಕೊಂಡಿದ್ದರು. ಜಪಾನಿನ ಓದುಗರಿಗೆ ಪ್ರೊಫೆಸರ್ ಹಳೆಯ ಪರಿಚಯ. ಸರಣಿಯ ಮೂರನೆಯ ಪುಸ್ತಕವನ್ನೇ ಮೊದಲು ಕೈಗೆತ್ತಿಕೊಂಡ ನಮಗೆ ಅವನು ಆಕಾಶದಿಂದ ಉದುರಿದಂತೆ ಕಾಣುತ್ತಾನೆ. ಲೇಖಕರು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ, ಕೆಲಕಾಲ ವಾಹನಗಳ ಬಿಡಿಭಾಗ ತಯಾರಿಸುವ ಕಂಪನಿಯಲ್ಲಿ ಕೆಲಸ ಮಾಡಿ, ಆಮೇಲೆ ಪೂರ್ಣಾವಧಿ ಬರವಣಿಗೆಗೆ ಬಂದವರೆಂಬುದನ್ನೂ ಆ ಪೊಲೀಸ್ ಅಧಿಕಾರಿಗೆ ತಿಳಿಸಿ.

ಭಾಷೆ ಸಪ್ಪೆ ಎಂಬ ದೂರನ್ನು ಅನುವಾದಕರ ತಲೆಗೆ ಕಟ್ಟುವುದು ಸುಲಭ. ಆದರೆ ಅಲಂಕಾರವಿಲ್ಲದ, ವರದಿಯಂಥ ಗದ್ಯ ಈ ಕಾದಂಬರಿಗೆ ಬೇಕಾದದ್ದೇ: ಎಲ್ಲವನ್ನೂ ಒಂದೇ ಸಮನಾದ ದನಿಯಲ್ಲಿ ಹೇಳಿದಾಗ ಮಾತ್ರ, ಯಾವ ವಿವರ ಮುಖ್ಯ, ಯಾವುದು ಅಲ್ಲ ಎಂಬುದು ಓದುಗನಿಗೆ ತಿಳಿಯುವುದಿಲ್ಲ.

ಇದನ್ನು ಮೊದಲ ಅಧ್ಯಾಯದಲ್ಲೇ ನೋಡಬಹುದು. ಬೆಳಗ್ಗೆ 7.35ಕ್ಕೆ ಇಶಿಗಾಮಿ ಎಂದಿನಂತೆ ಮನೆಯಿಂದ ಹೊರಡುತ್ತಾನೆ. ಶಾಲೆಗೆ ನೇರ ದಾರಿ ಬಿಟ್ಟು ಸುಮಿದಾ ನದಿಯ ದಂಡೆಯಲ್ಲಿ ನಡೆಯುತ್ತಾನೆ. ಅಲ್ಲಿ ನೀಲಿ ಪ್ಲಾಸ್ಟಿಕ್ ಹೊದಿಸಿದ ಗುಡಿಸಲುಗಳಲ್ಲಿ ನೆಲೆಯಿಲ್ಲದವರು ಬದುಕುತ್ತಿದ್ದಾರೆ. ಒಬ್ಬ ಖಾಲಿ ಡಬ್ಬಿಗಳನ್ನು ಜಜ್ಜುತ್ತಿದ್ದಾನೆ. ಇತ್ತೀಚೆಗೆ ಬಂದು ಸೇರಿದ ಇನ್ನೊಬ್ಬ, ಇನ್ನೂ ಆ ಬದುಕಿಗೆ ಒಗ್ಗದವನು, ಯಾವುದೋ ಪತ್ರಿಕೆ ಓದುತ್ತ ಕುಳಿತಿದ್ದಾನೆ. ಗಡಿಯಾರದ ಹಂಗಿಲ್ಲದ ಇವರ ಬದುಕೇ ಗಡಿಯಾರದಷ್ಟು ಕರಾರುವಾಕ್ಕಾಗಿ ಸಾಗುತ್ತದೆ ಎಂದು ಮೇಷ್ಟ್ರ ಮನಸ್ಸಿನಲ್ಲಿ ಮೂಡುತ್ತದೆ. ನಂತರ ಅವನು ಅಂಗಡಿಗೆ ಹೋಗಿ ಊಟದ ಡಬ್ಬಿ ಕೊಳ್ಳುತ್ತಾನೆ. ಮೊದಲ ಓದಿನಲ್ಲಿ ಇದೆಲ್ಲ ಊರಿನ ಚಿತ್ರಣ ಮಾತ್ರ. ನಮ್ಮ ಕಣ್ಣು ಅಂಗಡಿಯ ಹೆಣ್ಣಿನತ್ತ ಹೋಗಿಬಿಡುತ್ತದೆ. ಪುಸ್ತಕ ಮುಗಿಸಿದ ಮೇಲೆ ಈ ಪುಟಗಳನ್ನು ಮತ್ತೆ ತೆರೆದವರು ಅಲ್ಲಿಂದ ಬೇಗ ಮುಂದೆ ಹೋಗಲಾರರು.

ಹಾಗೆಯೇ ಶಾಲೆಯ ಪ್ರಸಂಗ. ತಾನು ಪ್ರಶ್ನೆಪತ್ರಿಕೆ ಹೇಗೆ ತಯಾರಿಸುತ್ತೇನೆಂದು ಇಶಿಗಾಮಿ ವಿವರಿಸುತ್ತಾನೆ: ನೋಡಿದವರಿಗೆ ಜ್ಯಾಮಿತಿಯ ಲೆಕ್ಕವೆನಿಸಬೇಕು, ಆದರೆ ಅದು ನಿಜವಾಗಿ ಬೀಜಗಣಿತದ್ದಾಗಿರಬೇಕು. ಅಂದರೆ ಓದುಗನಿಗೆ ಕಾದಂಬರಿಯ ಕೀಲಿಕೈಯನ್ನು ಕೈಗೇ ಕೊಡಲಾಗಿದೆ, ನಾವದನ್ನು ಪಾತ್ರಚಿತ್ರಣವೆಂದು ಭಾವಿಸಿ ಜೇಬಿಗಿಳಿಸುತ್ತೇವೆ. ಶವದ ಬಳಿ ಸಿಕ್ಕ ಕದ್ದ ಹೊಸ ಸೈಕಲ್ಲು, ಅರ್ಧ ಮಾತ್ರ ಸುಟ್ಟ ಬಟ್ಟೆ, ಹತ್ತನೆಯ ತಾರೀಖು ರಾತ್ರಿ ಎಲ್ಲಿದ್ದಿರಿ ಎಂಬ ಪ್ರಶ್ನೆಗೆ ಯಾಸುಕೊ ಉತ್ತರಿಸುವ ರೀತಿ, ಇವು ಮೂರನ್ನೂ ಒಟ್ಟಿಗಿಟ್ಟು ನೋಡಿ. ಸುಳಿವುಗಳಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅವು ಒಂದೇ ಉತ್ತರವನ್ನು ಸಾಬೀತುಪಡಿಸಲು ಸಾಕೇ ಎಂಬಲ್ಲಿ ನಿಕಾಯ್ದೊ ಅವರ ಆಕ್ಷೇಪಕ್ಕೆ ತೂಕವಿದೆ.

ಅಂದರೆ ಇಲ್ಲಿ ಯಾರು ಕೊಂದರು ಎಂಬುದು ಒಗಟಲ್ಲ. ಹೇಗೆ ಮುಚ್ಚಿಟ್ಟರು ಎಂಬುದೇ ಒಗಟು ಎಂದು ನಾವು ನಂಬಿ ಓದುತ್ತೇವೆ, ಅದೂ ಪೂರ್ತಿ ಸರಿಯಲ್ಲ. ನಮ್ಮ ಮುಂದಿರುವ ಪ್ರಶ್ನೆ ಯಾವುದು ಎಂಬುದನ್ನೇ ಲೇಖಕರು ಅಡಗಿಸಿಟ್ಟಿದ್ದಾರೆ. ನಿಮ್ಮ ಸಭೆ ನಾಲ್ಕು ದಿಕ್ಕಿಗೆ ಒಡೆದದ್ದು ಇದರಿಂದಲೇ ಎಂದು ನನ್ನ ಅಭಿಪ್ರಾಯ. ಒಗಟು ಬಿಡಿಸಲು ಬಂದವರು ಒಬ್ಬರು, ತನಿಖೆಯ ವಾಸ್ತವ ಹುಡುಕಿದವರು ಇನ್ನೊಬ್ಬರು, ಒಂಟಿ ಮನುಷ್ಯನ ಸಂಕಟ ಕಂಡವರು ಇಬ್ಬರು, ಅಧಿಕಾರದ ಸಂಬಂಧ ಕಂಡವರು ಮತ್ತೊಬ್ಬರು. ಪ್ರತಿಯೊಬ್ಬರೂ ಪುಸ್ತಕದಲ್ಲಿ ನಿಜವಾಗಿ ಇರುವ ಒಂದನ್ನೇ ಹಿಡಿದಿದ್ದಾರೆ.

ಇವರಲ್ಲಿ ಸಿಟ್ಟಾದ ನಿಮ್ಮ ಗೆಳತಿಯ ಮಾತಿಗೆ ನಾನು ಹೆಚ್ಚು ಜಾಗ ಕೊಡುತ್ತೇನೆ. ಇಶಿಗಾಮಿ ಪ್ರತಿ ಸಂಜೆ ಸಾರ್ವಜನಿಕ ಫೋನಿನಿಂದ ಕರೆ ಮಾಡಿ ಯಾಸುಕೊಗೆ ಸೂಚನೆ ಕೊಡುತ್ತಾನೆ. ಹಳೆಯ ಪರಿಚಯದ ಗಂಡಸೊಬ್ಬ ಅವಳನ್ನು ಭೇಟಿಯಾಗತೊಡಗಿದಾಗ ಆ ದನಿಯಲ್ಲಿ ಬೇರೇನೋ ಇಣುಕುತ್ತದೆ, ಹಿಂಬಾಲಿಸಿದ ಕುರುಹುಗಳು ಕಾಣುತ್ತವೆ. ಒಬ್ಬನಿಂದ ತಪ್ಪಿಸಿಕೊಂಡು ಇನ್ನೊಬ್ಬನ ಕೈಗೆ ಸಿಕ್ಕೆನೇ ಎಂದು ಯಾಸುಕೊಳೇ ಹೆದರುತ್ತಾಳೆ. ಓದುಗರಿಗೆ ಆಗುವ ಅಸಹ್ಯವನ್ನೂ ಲೇಖಕರು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ, ಅದಕ್ಕೊಂದು ಸಮಜಾಯಿಷಿಯೂ ಕೊನೆಯಲ್ಲಿದೆ. ಆದರೆ ಸಮಜಾಯಿಷಿ ಸಿಕ್ಕಿತೆಂದು ಪ್ರಶ್ನೆ ಮುಗಿಯುವುದಿಲ್ಲ. ಕೇಳದೆಯೇ ಬಂದ ತ್ಯಾಗವನ್ನು ಪಡೆದವರು ಅದರ ಋಣವನ್ನು ಹೊತ್ತು ಬದುಕಬೇಕೇ? ಆ ತ್ಯಾಗಕ್ಕೆ ನಿಜವಾದ ಬೆಲೆ ತೆತ್ತವರು ಯಾರು? ಮುಗಿಸಿದ ನಿಮಗೆ ನಾನು ಯಾರನ್ನು ನೆನೆದು ಹೇಳುತ್ತಿದ್ದೇನೆಂದು ಗೊತ್ತು. ಅವರ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ. ಕಣ್ಣೀರು ಹಾಕಿದವರೂ ಸಿಟ್ಟಾದವರೂ ಇಶಿಗಾಮಿ ಮತ್ತು ಯಾಸುಕೊ ಅವರ ಬಗ್ಗೆಯೇ ಮಾತನಾಡಿದ್ದಾರೆ. ಇದು ಪತ್ತೇದಾರಿ ಹೌದೋ ಅಲ್ಲವೋ ಎಂಬ ವಾದದಲ್ಲಿ ಸಂಜೆ ಕಳೆದುಹೋಗಿ, ಪುಸ್ತಕದ ಅತ್ಯಂತ ಕಠಿಣ ಪ್ರಶ್ನೆಯ ಬಳಿಗೆ ಯಾರೂ ಹೋಗಲಿಲ್ಲ. ನಷ್ಟವಾಗಿದ್ದರೆ ಅದೇ ನಷ್ಟ.

ಈಗ ನಿಮ್ಮ ಮುಂದಿರುವ ದಾರಿಗಳು.

ಇದೇ ಪುಸ್ತಕಕ್ಕೆ ಇನ್ನೊಂದು ಸಭೆ ಕರೆಯುವುದು ನನಗೆ ಎಲ್ಲಕ್ಕಿಂತ ಸರಿಯೆನಿಸುವ ದಾರಿ. ಆದರೆ ಮತ್ತೆ ಇಡೀ ಕಾದಂಬರಿ ಓದಿ ಬನ್ನಿ ಎಂದರೆ, ಇಷ್ಟಪಡದವರು ಬರುವುದಿಲ್ಲ. ಬಂದರೂ ಹಳೆಯ ವಾದವನ್ನೇ ಹರಿತಗೊಳಿಸಿಕೊಂಡು ಬರುತ್ತಾರೆ. ಮೊದಲ ಅಧ್ಯಾಯದ ನದೀದಂಡೆಯ ಪುಟಗಳನ್ನು ಮಾತ್ರ ಸಭೆಯಲ್ಲಿ ಯಾರಾದರೊಬ್ಬರು ಗಟ್ಟಿಯಾಗಿ ಓದಲಿ. ನಿಮ್ಮ ಹಿರಿಯರೇ ಓದಿದರೆ ಇನ್ನೂ ಒಳ್ಳೆಯದು. ಓದಿದ ಮೇಲೆ, ಇಷ್ಟವಾಯಿತೇ ಎಂದು ಕೇಳದೆ, ಮೊದಲ ಸಲ ಇಲ್ಲಿ ಏನನ್ನು ಗಮನಿಸದೆ ದಾಟಿದಿರಿ ಎಂದು ಕೇಳಿ. ಈ ಪ್ರಶ್ನೆಗೆ ಮೆಚ್ಚಿದವರೂ ಮೆಚ್ಚದವರೂ ಒಂದೇ ಬದಿಯಲ್ಲಿ ಕೂತು ಉತ್ತರಿಸಬೇಕಾಗುತ್ತದೆ. ಪೊಲೀಸ್ ಅಧಿಕಾರಿಯವರಿಗೆ ಬೇರೆ ಕೆಲಸ ಕೊಡಿ: ಮುಖ ಜಜ್ಜಿ, ಬೆರಳಚ್ಚು ಸುಟ್ಟ ಶವವನ್ನು ಗುರುತಿಸುವಾಗ ತನಿಖಾಧಿಕಾರಿ ಯಾವುದನ್ನು ನಂಬುತ್ತಾನೆ, ಯಾವುದನ್ನು ನಂಬಬಾರದು ಎಂದು ಅವರು ಹತ್ತು ನಿಮಿಷ ಮಾತನಾಡಲಿ. ಕಾದಂಬರಿಯ ಹೂರಣ ಅಲ್ಲೇ ಇದೆ, ಅದರ ಬಗ್ಗೆ ನಿಮಗೂ ನನಗೂ ಗೊತ್ತಿರುವುದಕ್ಕಿಂತ ಹೆಚ್ಚು ಅವರಿಗೆ ಗೊತ್ತು.

ಎರಡನೆಯದು, ಸಿನಿಮಾ ನೋಡಿ ಮಾತನಾಡುವುದು. ಜಪಾನಿನಲ್ಲಿ 2008ರಲ್ಲಿ, ಕೊರಿಯಾದಲ್ಲಿ 2012ರಲ್ಲಿ ಇದು ತೆರೆಗೆ ಬಂತು. 2023ರಲ್ಲಿ ಕಥೆಯನ್ನು ಕಾಲಿಂಪಾಂಗಿಗೆ ತಂದು ಹಿಂದಿಯಲ್ಲಿ ‘ಜಾನೇ ಜಾನ್’ ಮಾಡಿದರು. ಬಳಗದಲ್ಲಿ ಯಾರಾದರೂ ಹಿಂದಿ ಚಿತ್ರ ನೋಡಿಯೇ ಪುಸ್ತಕ ಓದಿದ್ದರೆ ಅವರ ಅನುಭವ ಮೊದಲೇ ಬೇರೆಯಾಗಿರುತ್ತದೆ, ಅದನ್ನು ಕೇಳಿಕೊಳ್ಳಿ. ಮಲಯಾಳದ ‘ದೃಶ್ಯಂ’, ಅದರಿಂದ 2014ರಲ್ಲಿ ಕನ್ನಡಕ್ಕೆ ಬಂದ ‘ದೃಶ್ಯ’ ಇವುಗಳ ಮಾತೂ ಬಂದೇ ಬರುತ್ತದೆ. ಹಿಗಾಶಿನೊ ಕಾದಂಬರಿಗೂ ಅದಕ್ಕೂ ಹೋಲಿಕೆಯಿದೆಯೆಂದು ಬಹಳ ಮಂದಿ ಹೇಳಿದ್ದಾರೆ, ನಿರ್ದೇಶಕ ಜೀತು ಜೋಸೆಫ್ ತಮ್ಮ ಕಥೆಗೆ ಅದು ಮೂಲವಲ್ಲ ಎಂದಿದ್ದಾರೆ. ಯಾರು ಯಾರಿಂದ ತೆಗೆದುಕೊಂಡರೆಂಬ ಚರ್ಚೆಗೆ ಇಳಿದರೆ ಸಂಜೆ ಅಲ್ಲೇ ಮುಗಿಯುತ್ತದೆ, ನಟರ ಹೋಲಿಕೆಗೆ ಇಳಿದರೂ ಅಷ್ಟೇ. ಈ ದಾರಿ ಹಗುರವಾದದ್ದು, ಬಳಗದ ಮುನಿಸು ಕರಗಿಸಲು ಒಳ್ಳೆಯದು, ಪುಸ್ತಕವನ್ನು ಅರ್ಥ ಮಾಡಿಕೊಳ್ಳಲು ಅಷ್ಟೇನೂ ಸಾಲದು.

ಮೂರನೆಯದಾಗಿ, ಇದರ ಪಕ್ಕಕ್ಕೆ ಬೇರೆ ಬಗೆಯ ಇನ್ನೊಂದು ಪತ್ತೇದಾರಿಯನ್ನು ಓದಬಹುದು. ಮಾತ್ಸುಮೊತೊ ಸೇಯ್ಚೊ ಅವರು 1958ರಲ್ಲಿ ಪುಸ್ತಕವಾಗಿ ತಂದ, ರೈಲ್ವೆ ವೇಳಾಪಟ್ಟಿಯ ಮೇಲೆ ನಿಂತ ಕಾದಂಬರಿ ‘ಪಾಯಿಂಟ್ಸ್ ಅಂಡ್ ಲೈನ್ಸ್’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ಬಂದಿದೆ. ಅಲ್ಲಿ ಪತ್ತೇದಾರರು ಸಾಮಾನ್ಯ ಪೊಲೀಸರೇ. ಆಪಾದಿತ ಎಲ್ಲಿದ್ದ ಎಂಬುದನ್ನು ರೈಲು ಹೊರಡುವ ನಿಮಿಷಗಳ ಲೆಕ್ಕದಲ್ಲಿ ಜಾಲಾಡುತ್ತಾರೆ, ಸರ್ಕಾರಿ ಇಲಾಖೆಯೊಂದರ ಲಂಚದ ವಿಷಯ ಹಿನ್ನೆಲೆಯಲ್ಲಿದೆ. ನಿಮ್ಮ ಪೊಲೀಸ್ ಗೆಳೆಯರಿಗೆ ಅದು ಹಿಡಿಸಬಹುದು. ಎರಡು ತಿಂಗಳು ಸತತವಾಗಿ ಜಪಾನಿನ ಕೊಲೆಗಳೇ ಆದರೆ ಉಳಿದವರಿಗೆ ಬೇಸರ ಬರುವ ಅಪಾಯವಿದೆ. ನಡುವೆ ಒಂದು ತಿಂಗಳು ಬೇರೆ ಪುಸ್ತಕವಿರಲಿ.

ಯಾವ ದಾರಿ ಹಿಡಿದರೂ ಎರಡು ರೂಢಿಗಳನ್ನು ಬದಲಿಸಿಕೊಳ್ಳಿ. ಹತ್ತಕ್ಕೆ ಅಂಕ ಕೊಟ್ಟು ಸರಾಸರಿ ತೆಗೆಯುವುದನ್ನು ಇಂಥ ಪುಸ್ತಕಗಳಿಗೆ ಬಿಟ್ಟುಬಿಡಿ. ಒಂಬತ್ತು ಕೊಟ್ಟವರೂ ಎರಡು ಕೊಟ್ಟವರೂ ಇದ್ದಾಗ ಬರುವ ಐದು, ಯಾರೊಬ್ಬರ ಅಭಿಪ್ರಾಯವೂ ಅಲ್ಲ. ಆದರೂ ಅದೇ ಬಳಗದ ತೀರ್ಪೆಂದು ದಾಖಲಾಗಿಬಿಡುತ್ತದೆ. ಅಂಕ ಬೇಕೇ ಬೇಕೆಂದರೆ ಸಭೆಯ ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ಕೊಡಿ, ಯಾರದು ಬದಲಾಯಿತು ಎಂಬುದನ್ನಷ್ಟೇ ಕೇಳಿ.

ಇನ್ನೊಂದು, ಮುಗಿಸದೆ ಬಂದವರ ವಿಷಯ. ಬೇರೆ ಕಾದಂಬರಿಗಳನ್ನು ಅರ್ಧ ಓದಿಯೂ ಚರ್ಚಿಸಬಹುದು. ಪತ್ತೇದಾರಿಯಲ್ಲಿ ಅದು ಆಗದು, ಏಕೆಂದರೆ ಕೊನೆಯ ಅಧ್ಯಾಯ ಗೊತ್ತಾದ ಮೇಲಷ್ಟೇ ಮೊದಲ ಅಧ್ಯಾಯಕ್ಕೆ ಪೂರ್ತಿ ಅರ್ಥ ಬರುತ್ತದೆ. ಮೂವರ ಸಲುವಾಗಿ ಉಳಿದವರು ಬಾಯಿ ಕಟ್ಟಿಕೊಂಡಿದ್ದಾಗ, ನಿಯಮಗಳ ಬಗ್ಗೆ, ಭಾಷೆಯ ಬಗ್ಗೆ, ಪೊಲೀಸರ ಬಗ್ಗೆ ಜಗಳವಾಡದೆ ಅವರು ಬೇರೇನು ಮಾಡಬಲ್ಲರು? ಸಭೆಯನ್ನು ಎರಡು ಭಾಗ ಮಾಡಿ: ಕಾಫಿಗೆ ಮೊದಲು ಗುಟ್ಟಿಲ್ಲದ ಮಾತು, ಕಾಫಿಯ ನಂತರ ಮುಗಿಸಿದವರ ಮಾತು. ಕೇಳಿಸಿಕೊಂಡರೂ ಪರವಾಗಿಲ್ಲ ಎನ್ನುವವರು ಉಳಿಯಲಿ. ಇದನ್ನು ತಿಂಗಳ ಮೊದಲೇ ತಿಳಿಸಿಬಿಡಿ, ಸಭೆಯ ದಿನ ತಿಳಿಸಿದರೆ ಹೊರಗಟ್ಟಿದಂತಾಗುತ್ತದೆ.

ಪತ್ತೇದಾರಿಯನ್ನೇ ಪಟ್ಟಿಯಿಂದ ಕೈಬಿಡಬೇಕೇ ಎಂದು ಕೇಳಿದ್ದೀರಿ. ಬಳಗದ ಬಹುಪಾಲು ಮಂದಿಗೆ ಈ ಪ್ರಕಾರವೇ ಹಿಡಿಸದಿದ್ದರೆ ಕೈಬಿಡುವುದರಲ್ಲಿ ತಪ್ಪೇನಿಲ್ಲ, ಓದು ಹೇರಿಕೆಯಾಗಬಾರದು. ಆದರೆ ನಿಮ್ಮ ಪತ್ರದಲ್ಲಿ ಹಾಗೆ ಕಾಣುವುದಿಲ್ಲ. ಹಿಡಿಸದವರು ಇಷ್ಟು ಹೊತ್ತು ವಾದಿಸುವುದಿಲ್ಲ. ಮುಂದಿನ ಸಲ ಆಯ್ಕೆ ಮಾಡುವವರು, ಪುಸ್ತಕದ ಹೆಸರಿನ ಜೊತೆಗೆ ಅದು ಯಾವ ಬಗೆಯದೆಂಬುದನ್ನೂ ಎರಡು ಸಾಲಿನಲ್ಲಿ ಹೇಳಲಿ: ಕೊಲೆಗಾರ ಮೊದಲೇ ಗೊತ್ತಾಗುತ್ತಾನೆಯೇ, ಸರಣಿಯ ನಡುವಿನ ಪುಸ್ತಕವೇ, ಹಿಂಸೆಯ ವಿವರ ಎಷ್ಟಿದೆ. ಇವುಗಳಲ್ಲಿ ಯಾವುದೂ ಗುಟ್ಟಲ್ಲ. ಆ ಆಯ್ಕೆಯ ಸರದಿಯನ್ನು ಈ ಬಾರಿ ಸಿಟ್ಟಾದ ಗೆಳತಿಗೆ ಬಿಟ್ಟುಕೊಡಿ ಎಂಬುದು ನನ್ನ ಸಲಹೆ.